ಸೈಕಲ್ ಹೊತ್ತು ಓಡಿದ ಇನೆಕೆ

ಹೋದ ಮಳೆಗಾಲದ ಮಾತು. ಪುಣೆಯ ಬಾಣೇರ್ ಗುಡ್ಡದ ಕಾಲುದಾರಿಯಲ್ಲಿ ಡಚ್ ಹುಡುಗಿಯೊಬ್ಬಳು ಹೆಗಲ ಮೇಲೆ ಸೈಕಲ್ ಹೊತ್ತುಕೊಂಡು, ಏದುಸಿರು ಬಿಡುತ್ತ ಮೇಲಕ್ಕೆ ಓಡುತ್ತಿದ್ದಳು. ಕೆಳಗೆ ರಿಕ್ಷಾ ನಿಲ್ಲಿಸಿದ ಚಾಲಕನೊಬ್ಬ ನನ್ನನ್ನು ಕೇಳಿದ: "ಪಂಕ್ಚರ್ ಝಾಲಾ ಕಾ?"

ಪಂಕ್ಚರ್ ಆಗಿಲ್ಲ, ಅದು ಅವಳ ಪ್ರ್ಯಾಕ್ಟೀಸು ಅಂದೆ. ಆತ ಗುಡ್ಡ ನೋಡಿದ, ಸೈಕಲ್ ನೋಡಿದ, ನನ್ನನ್ನೂ ಒಮ್ಮೆ ಚೆನ್ನಾಗಿ ನೋಡಿ ಹೊರಟುಹೋದ.

ಹುಡುಗಿಯ ಹೆಸರು ಇನೆಕೆ. (ನಮ್ಮ ಅತ್ತೆ ಮೊದಲ ದಿನವೇ ಅದನ್ನು 'ಏನಕ್ಕ' ಮಾಡಿಬಿಟ್ಟರು.) ವಾಕಡದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿರುವ ಸಾಸ್ಕಿಯಾಳ ತಂಗಿ. ಅಕ್ಕನಿಗೆ ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. ತಂಗಿಗೆ ಸೈಕಲ್ಲೇ ಕೆಲಸ. ಇನ್ನೂ ಇಪ್ಪತ್ತೆರಡು ವಯಸ್ಸು, ಆಗಲೇ ಒಂದು ದೊಡ್ಡ ಟೀಮಿನ ಪ್ರೊಫೆಷನಲ್ ರೈಡರ್.

ಬೇಸಿಗೆಯಲ್ಲಿ ಅವಳದು ರೋಡ್ ರೇಸ್. ಚಳಿಗಾಲದಲ್ಲಿ ಸೈಕ್ಲೋಕ್ರಾಸ್. ಅಂದರೆ ಹೊಲ, ಮರಳು, ಕೆಸರು, ಮೆಟ್ಟಿಲುಗಳ ಮೇಲೆ ನಡೆಯುವ ರೇಸು. ಸೈಕಲ್ ಓಡದ ಕಡೆ ಇಳಿದು, ಅದನ್ನೇ ಹೊತ್ತು ಓಡಿ, ಮತ್ತೆ ಹಾರಿ ಕೂರಬೇಕು. ಇದನ್ನು ಅತ್ತೆಗೆ ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, "ಹಂಗಾರ ಯಾರು ಯಾರ ಮ್ಯಾಲ ಕುಂತಂಗಾತು?" ಅಂದರು.

ಆದರೆ ಹುಡುಗಿ ಪುಣೆಗೆ ಬಂದದ್ದು ಮೋಜಿಗಲ್ಲ. ಹಿಂದಿನ ಚಳಿಗಾಲದಲ್ಲಿ ಕ್ರಾಸ್ ರೇಸಿನಲ್ಲಿ ಬಿದ್ದು ಹೆಗಲ ಎಲುಬು ಮುರಿದುಕೊಂಡಿದ್ದಳು. ಅದರಿಂದ ರೋಡ್ ಸೀಸನ್ ಅರ್ಧ ಹಾಳಾಯಿತು. ಟೀಮಿನ ಮ್ಯಾನೇಜರ್ ಸ್ಪಷ್ಟವಾಗಿ ಹೇಳಿದ್ದ: ಕೆಸರಾಟ ಬಿಡು, ಇಲ್ಲವಾದರೆ ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲ. ಯೋಚಿಸಿ ಹೇಳುತ್ತೇನೆ ಅಂತ ಅಕ್ಕನ ಮನೆಗೆ ಬಂದಿದ್ದಳು.

ನಾವೆಲ್ಲ ಯಾರ ಕಡೆ? ಮ್ಯಾನೇಜರ್ ಕಡೆ. ಸಾಸ್ಕಿಯಾ ಬಿಡು ಅಂದಳು. ನಾನಂತೂ ಶಿವಾಜಿನಗರದ ಕಾಲೇಜಿನಲ್ಲಿ ದಿನಾ ಪಾಠ ಹೇಳುವವಳು, 'ಫೋಕಸ್' ಅನ್ನುವ ಪದ ನನ್ನ ನಾಲಗೆಯ ತುದಿಯಲ್ಲೇ ಇರುತ್ತದೆ. ಅತ್ತೆ ಅವಳ ಹೆಗಲು ಮುಟ್ಟಿ ನೋಡಿ, "ಅಂವಾ ಹೇಳೂದು ಖರೇ ಅದ ನೋಡು. ಎಲುಬು ಮುರಕೊಳ್ಳೋ ಆಟ ಹೆಣ್ಣಮಗಳಿಗೆ ಯಾಕ ಬೇಕು?" ಅಂದರು. ನಾನು ಅನುವಾದಿಸಿದೆ. ('ಹೆಣ್ಣಮಗಳು' ಅನ್ನುವ ಮಾತೊಂದು ಬಿಟ್ಟು.)

ಇನೆಕೆ ನಕ್ಕಳು. ಆಮೇಲೆ ನಿಜ ಹೇಳಿದಳು. ಬಿದ್ದಂದಿನಿಂದ ಒದ್ದೆ ರಸ್ತೆಯ ತಿರುವು ಬಂದರೆ ಕೈ ತಾನಾಗಿ ಬ್ರೇಕ್ ಹಿಡಿಯುತ್ತದೆ. ಹಿಂದಿದ್ದವರೆಲ್ಲ ಮುಂದೆ ಹೋಗುತ್ತಾರೆ. "ಇದು ಮ್ಯಾನೇಜರನಿಗೆ ಗೊತ್ತಿಲ್ಲ. ಕಾಂಟ್ರ್ಯಾಕ್ಟ್ ಸಿಕ್ಕರೂ ಹೀಗೇ ಓಡಿಸಿದರೆ ಏನು ಉಪಯೋಗ?"

ಅಷ್ಟರಲ್ಲಿ ಇಂದಾಪುರದ ಕಡೆ ಹೆಣ್ಣುಮಕ್ಕಳ ರೋಡ್ ರೇಸ್ ಇದೆ ಅಂತ ಸುದ್ದಿ ಬಂತು. ಊರಿನ ಕ್ಲಬ್ಬೊಂದು ನಡೆಸುವ ಸಣ್ಣ ರೇಸು. ಇನೆಕೆಯನ್ನು ಅತಿಥಿಯಾಗಿ ಸೇರಿಸಿಕೊಂಡರು. ಕಾರು ಓಡಿಸಿದವಳು ನಾನು, ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಇನೆಕೆ, ಮೇಲೆ ಸೈಕಲ್.

ರೇಸ್ ಶುರುವಾಗುತ್ತಲೇ ಮಳೆ ಹಿಡಿಯಿತು. ನಮ್ಮ ಪುಣೆಯ ಸವಿತಾ ಅನ್ನುವ ಹುಡುಗಿ ಭರ್ಜರಿಯಾಗಿ ಮುಂದೆ ಹೋದಳು. ಪ್ರೊಫೆಷನಲ್ ಇನೆಕೆ ಎಲ್ಲರಿಗಿಂತ ಹಿಂದೆ. ಪ್ರತಿ ತಿರುವಿನಲ್ಲೂ ಬ್ರೇಕು. ಹಿಂದೆ ಕಾರಿನಲ್ಲಿ ಬರುತ್ತಿದ್ದ ನನಗೇ ಸಂಕಟವಾಯಿತು. "ಪಾಪ, ಅಂಜ್ಯಾಳ" ಅಂದರು ಅತ್ತೆ ಮೆಲ್ಲಗೆ.

ಕಾಲುವೆಯ ಹತ್ತಿರ ರಸ್ತೆಯೇ ಇರಲಿಲ್ಲ. ಪೈಪ್ ಹಾಕಲು ಉದ್ದಕ್ಕೂ ಅಗೆದುಬಿಟ್ಟಿದ್ದರು. ರೇಸ್ ನಡೆಸುವವರಿಗೇ ಗೊತ್ತಿರಲಿಲ್ಲ. ಎರೆಮಣ್ಣಿನ ರಾಡಿ, ಮೊಣಕಾಲುದ್ದ. ಹುಡುಗಿಯರು ಇಳಿದು ಸೈಕಲ್ ತಳ್ಳಿದರು. ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಅವು ತಿರುಗಲೇ ಇಲ್ಲ.

ಇನೆಕೆ ಬಂದಳು. ನಿಲ್ಲಲಿಲ್ಲ. ಓಡುತ್ತಿದ್ದ ಸೈಕಲ್ಲಿನಿಂದಲೇ ಹಾರಿ, ಅದನ್ನು ಎತ್ತಿ, ಅದೇ ಮುರಿದಿದ್ದ ಹೆಗಲಿಗೆ ಏರಿಸಿ ಓಡಿದಳು. ಒಮ್ಮೆ ಜಾರಿ ಮಂಡಿ ಊರಿದಳು, ಎದ್ದಳು, ಮತ್ತೆ ಓಡಿದಳು. ಆಚೆ ದಡದಲ್ಲಿ ಹಾರಿ ಕೂತಳು. ಸವಿತಾ ಒಂದು ಕ್ಷಣ ನೋಡಿದಳು. ತಾನೂ ಸೈಕಲ್ ಹೆಗಲಿಗೇರಿಸಿ ಅವಳ ಬೆನ್ನುಹತ್ತಿದಳು.

ಕಾರನ್ನು ದೂರದ ಸುತ್ತುದಾರಿಯಲ್ಲಿ ತಂದು ಅವರನ್ನು ಸೇರಿಕೊಂಡಾಗ ನಾನು ಕಂಡದ್ದು ಬೇರೆಯೇ ಇನೆಕೆ. ಅದೇ ಮಳೆ, ಅಂಥವೇ ತಿರುವುಗಳು, ಬ್ರೇಕ್ ಮಾತ್ರ ಇಲ್ಲ. ಸವಿತಾ ಕೊನೆತನಕ ಬೆನ್ನು ಬಿಡಲಿಲ್ಲ, ಇನೆಕೆ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಗೆದ್ದವಳೂ ಸೋತವಳೂ ಇಬ್ಬರೂ ಕೆಸರಿನ ಗೊಂಬೆಗಳ ಹಾಗೆ ನಿಂತು ನಗುತ್ತಿದ್ದರು. ಹಾರಿ ಕೂರುವುದನ್ನು ಕಲಿಸು ಅಂತ ಸವಿತಾ ಅಲ್ಲೇ ಗಂಟುಬಿದ್ದಳು.

ವಾಪಸ್ ಬರುವಾಗ ಇನೆಕೆ ಹೇಳಿದಳು: "ಕೆಸರಿನಲ್ಲಿ ಚಕ್ರ ಜಾರುವುದು ಮಾಮೂಲು. ಜಾರಿದರೂ ಬೀಳದೆ ಇರಬಹುದು ಅಂತ ನಾನು ಕಲಿತದ್ದೇ ಅಲ್ಲಿ. ಅದನ್ನು ಬಿಟ್ಟರೆ ನನಗೆ ರಸ್ತೆಯೂ ಉಳಿಯುವುದಿಲ್ಲ."

ಮನೆಗೆ ಬಂದವಳೇ ಮ್ಯಾನೇಜರನಿಗೆ ಫೋನ್ ಮಾಡಿದಳು. ಮಾತು ಡಚ್ಚಿನಲ್ಲಿ, ನಮಗೆ ಒಂದಕ್ಷರ ತಿಳಿಯಲಿಲ್ಲ. ದನಿ ಮಾತ್ರ ಒಮ್ಮೆಯೂ ಏರಲಿಲ್ಲ. ಫೋನ್ ಇಟ್ಟು, "ಟೀಮ್ ಹೋಯಿತು" ಅಂದಳು. ಅತ್ತೆ ತಟ್ಟೆ ತುಂಬ ಜುಣಕಾ ಭಾಕರಿ ಬಡಿಸಿದರು. ಇನ್ನೊಂದು ಹಾಕಿಸಿಕೊಂಡು ತಿಂದಳು.

ತನ್ನ ದೇಶಕ್ಕೆ ಹೋಗಿ ಹೆಸರಿಲ್ಲದ ಒಂದು ಸಣ್ಣ ಟೀಮ್ ಸೇರಿದಳು. ಚಳಿಗಾಲವಿಡೀ ಕೆಸರಿನಲ್ಲಿ ಓಡಿದಳು, ಎರಡು ಸಲ ಬಿದ್ದಳಂತೆ, ಎಲುಬು ಮುರಿಯಲಿಲ್ಲ. ಮೊನ್ನೆ ಸಾಸ್ಕಿಯಾ ಓಡುತ್ತ ಕೆಳಗಿಳಿದು ಬಂದಳು. ಈ ವರ್ಷದ ಮೊದಲ ದೊಡ್ಡ ರೋಡ್ ರೇಸು, ಜೋರು ಮಳೆ, ಅರ್ಧಕ್ಕರ್ಧ ಜನ ಜಾರಿ ಬಿದ್ದರಂತೆ. ಇನೆಕೆ ಗೆದ್ದಿದ್ದಾಳೆ. ಹಳೆಯ ಟೀಮಿನವರು ಮತ್ತೆ ಕರೆದಿದ್ದಾರೆ. ಎರಡೂ ಆಡಬಹುದು ಅಂದರೆ ಬರುತ್ತೇನೆ ಅಂದಿದ್ದಾಳಂತೆ.

ಈ ವಾರ ನನ್ನ ಕಾಲೇಜಿಗೆ ಒಬ್ಬ ತಂದೆ ಬಂದಿದ್ದರು. ಮಗಳು ಕಾಮರ್ಸಿನಲ್ಲಿ ಚುರುಕು, ತಬಲಾದಲ್ಲೂ ಚುರುಕು. "ಮ್ಯಾಡಮ್, ತಬಲಾ ಬಿಡಂತ ನೀವರ ಹೇಳ್ರಿ" ಅಂದರು. ಹೋದ ವರ್ಷವಾಗಿದ್ದರೆ ಹೇಳುತ್ತಿದ್ದೆ. ಈಗ ಅವರನ್ನೇ ಕೇಳಿದೆ, ನಿಮ್ಮನ್ನೂ ಕೇಳುತ್ತೇನೆ:

ಎರಡು ವಿದ್ಯೆ ಬಲ್ಲ ಮಕ್ಕಳನ್ನು ಕಂಡರೆ, ಒಂದನ್ನು ಬಿಡಿಸುವ ಆತುರ ನಮಗೇಕೆ?