ವಾಟರ್‌ಮ್ಯಾನ್ ಬರುವ ಹೊತ್ತು

ಅಥವಾ ಆಟದ ಪರದೆಯ ಮೂಲೆಯಲ್ಲಿ ಹೊತ್ತು ತೋರಿಸುವ ಕೆಂಪು ಅಂಕಿಗಳು ಇರಲೇ ಇಲ್ಲವೇನೋ. ಈಗ ಎಲ್ಲರೂ ಇದ್ದವು ಅನ್ನುತ್ತಾರೆ. ಅಂಕಿಗಳು ಒಂದೊಂದಾಗಿ ಇಳಿಯುತ್ತಿದ್ದವು, ಎದೆ ಡವಡವ ಅನ್ನುತ್ತಿತ್ತು, ಅದೆಂಥ ಆಟ ಗುರು ಅದು, ಎಂದು ಅಭಿಮಾನಿಗಳ ಗುಂಪಿನಲ್ಲಿ ದಿನಕ್ಕೊಬ್ಬರು ಬರೆಯುತ್ತಾರೆ. ಓದಿ ಓದಿ ಈಗ ನಾನು ಕಣ್ಣು ಮುಚ್ಚಿದರೂ ಕೆಂಪು ಅಂಕಿಗಳೇ ಕಾಣುತ್ತವೆ. ಆದರೆ ಆ ಆಟ ತಯಾರಾಗುವಾಗ ಆ ಕೋಣೆಯಲ್ಲಿ ಕೂತಿದ್ದವನು ನಾನು, ಅವರಲ್ಲ. ಅಂಕಿ ಇರಲಿಲ್ಲ, ಹೊತ್ತು ಸರಿದಂತೆ ಆಟದ ಕೆರೆಯ ತಳದ ಮಣ್ಣು ನಿಧಾನವಾಗಿ ಕಪ್ಪಾಗುತ್ತಿತ್ತು, ಅಷ್ಟೇ, ಎಂಬುದು ನನ್ನ ನೆನಪು. ಅದೂ ಎಷ್ಟು ನನ್ನದೋ. ಯಾವುದಾದರೂ ನೆನಪು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಎದುರಿಗೆ ಬಂದು ನಿಂತರೆ ನನಗೆ ಮೊದಲು ಹುಟ್ಟುವುದು ಅನುಮಾನ.

ಕೋಣೆ ಇದ್ದದ್ದು ಕೆಂಪಾಪುರದಲ್ಲಿ. ಇದು ಖಚಿತ, ಕಟ್ಟಡ ಇನ್ನೂ ಅಲ್ಲೇ ಇದೆ. ಕೆಳಗೆ ಬೇಕರಿ, ಮೂರನೇ ಮಹಡಿಯಲ್ಲಿ ನಮ್ಮ ವಿಡಿಯೋ ಗೇಮ್ ಕಂಪನಿ. ಕಂಪನಿ ಅಂದರೆ ಮಾಲೀಕ, ಒಬ್ಬಳು ಡಿಸೈನರ್, ಕೋಡ್ ಬರೆಯುವ ಒಂದಿಬ್ಬರು, ಮತ್ತೆ ನಾನು. ಮಾಲೀಕನ ಮನೆಯವರು ಹಳೆಯ ಕೆಂಪಾಪುರದವರು. ತಾತ ಆ ಜಾಗದಲ್ಲಿ ಹೂವು ಬೆಳೆದರು, ಅಪ್ಪ ಬಾಡಿಗೆ ಬೆಳೆದರು, ಮಗ ಗೇಮ್ ಬೆಳೆಯಲು ಹೊರಟಿದ್ದ. ನನ್ನನ್ನು ಸೇರಿಸಿಕೊಂಡದ್ದು ಆಟದ ಪಾತ್ರಗಳಿಗೆ ಮಾತು ಬರೆಯಲು. "ನೀವು ಕತೆ ಬರೀತೀರಂತಲ್ಲ, ಯಾರಿಗೂ ಅರ್ಥ ಆಗಲ್ವಂತೆ. ಅಂಥೋರೇ ಬೇಕು ಸರ್ ನಮ್ಗೆ. ಅಡ್ವೆಂಚರ್ ಗೇಮು, ಸ್ವಲ್ಪ ಕನ್ಫ್ಯೂಸ್ ಆಗ್ಬೇಕು," ಎಂದಿದ್ದ. ನನ್ನ ಬರಹದ ಬಗ್ಗೆ ಬಂದ ಅತ್ಯಂತ ಸಹಾನುಭೂತಿಯ ವಿಮರ್ಶೆ ಅದೇ.

ಆಟ ಸರಳವಾಗಿತ್ತು. ಒಣಗಿದ ಕೆರೆಯ ತಳದಲ್ಲಿ ಒಂದು ಹಳೆಯ ಊರು. ಅದರ ಓಣಿಗಳಲ್ಲಿ ಹುಡುಗಿಯೊಬ್ಬಳು ತನ್ನ ತಂಗಿಯನ್ನು ಹುಡುಕಬೇಕು. ದಂಡೆಯ ಮೇಲೆ ನೀರು ಬಿಡುವ ವಾಟರ್‌ಮ್ಯಾನ್ ಇದ್ದಾನೆ. ಹೊತ್ತಾದಾಗ ಅವನು ವಾಲ್ವ್ ತಿರುಗಿಸುತ್ತಾನೆ, ಕೆರೆ ತುಂಬುತ್ತದೆ, ಹುಡುಗಿ ಮತ್ತೆ ಮೊದಲಿನಿಂದ ಹುಡುಕಬೇಕು. ಆ ಹೊತ್ತು ಎಷ್ಟು ಎಂಬುದೇ ಆಟದ ಜೀವ.

ಅದನ್ನು ಗೊತ್ತು ಮಾಡಿದವಳು ಡಿಸೈನರ್. ಬಾಗಲಕೋಟೆ ಕಡೆಯವಳು, ಆಗ ಬಾಗಲಗುಂಟೆಯಲ್ಲಿ ಬಾಡಿಗೆಗೆ ಇದ್ದಳು. ಅವಳ ಬೀದಿಗೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ. ವಾಟರ್‌ಮ್ಯಾನ್ ಬಂದು ವಾಲ್ವ್ ತಿರುಗಿಸಿದ ಕೂಡಲೇ ಬೀದಿಗೆ ಬೀದಿಯೇ ಓಡುತ್ತಿತ್ತು. ಡ್ರಮ್, ಬಕೆಟ್, ಕುಕ್ಕರ್, ಕೊನೆಗೆ ಟೀ ಲೋಟ ಕೂಡ ತುಂಬಿಡುತ್ತಿದ್ದರು. ಅವನು ವಾಲ್ವ್ ಮುಚ್ಚಲು ಬಂದಾಗ ಬೀದಿಯ ಹೆಂಗಸರು ಅವನನ್ನು ಕರೆದು ಕಾಫಿ ಕೊಟ್ಟು ಮಾತಿಗೆ ಕೂರಿಸುತ್ತಿದ್ದರು. ಅವನು ಮಾತಾಡಿದಷ್ಟು ಹೊತ್ತು ನೀರು. ಇದರಲ್ಲಿ ಲಂಚ ಏನೂ ಇಲ್ಲ, ಬರೀ ಕಾಫಿ. ಡಿಸೈನರ್ ಒಂದು ದಿನ ನಲ್ಲಿಯಲ್ಲಿ ನೀರು ಬಂದ ಕ್ಷಣ ಆಟ ಶುರು ಮಾಡಿ, ನೀರು ನಿಂತ ಕ್ಷಣ ನಿಲ್ಲಿಸಿದಳು. ಅದೇ ಆಟದ ಹೊತ್ತಾಯಿತು.

"ನೋಡ್ರಿ ಸರ್, ಲೆಕ್ಕ ಹಾಕಿ ಇಟ್ಟ ಟೈಮ್ ಆಡೋರಿಗೆ ಗೊತ್ತಾಗಿಬಿಡತೈತಿ," ಅಂದಳು ನನಗೆ. "ಇದು ಖರೇ ಹೊತ್ತು. ಈ ಆಟದಾಗ ಚಿತ್ರ ಬ್ಯಾರೆಯವ್ರದು, ಕೋಡ್ ಬ್ಯಾರೆಯವ್ರದು, ಮಾತು ನಿಮ್ಮದು. ನಂದು ಅಂತ ಇರೂದು ಇದೊಂದ."

ಕಾಫಿಯನ್ನೂ ಅವಳು ಆಟಕ್ಕೆ ತಂದಳು. ವಾಟರ್‌ಮ್ಯಾನ್ ಜೊತೆ ಹುಡುಗಿ ಮಾತಾಡುತ್ತಿರುವಷ್ಟು ಕಾಲ ಹೊತ್ತು ಸರಿಯುವುದಿಲ್ಲ. ಆ ಮಾತು ಬರೆದವನು ನಾನು. ಅವನ ಮಗಳ ಮದುವೆ, ಸೊಂಟನೋವು, ದಾಸರಹಳ್ಳಿ ಟ್ರಾಫಿಕ್ಕು, ಹೀಗೆ ಪುಟಗಟ್ಟಲೆ. ಸಮಯ ಕಳೆಯಲು ಓದಿಸಿಕೊಳ್ಳುವ ಸಾಹಿತಿಗಳು ಬಹಳ ಜನ ಇದ್ದಾರೆ. ಸಮಯ ನಿಲ್ಲಿಸಲು ಓದಿಸಿಕೊಂಡವನು ಬಹುಶಃ ನಾನೊಬ್ಬನೇ.

ಆಟ ಬಿಡುಗಡೆಯಾಯಿತು. ಮಾಲೀಕ ಮೊದಲೇ ಒಂದು ಜಾಣತನ ಮಾಡಿದ್ದ. ಆ ಹೊತ್ತಿನ ಅಂಕಿಯನ್ನು ಆಟದೊಳಗೆ ಇಡದೆ ಕಂಪನಿಯ ಸರ್ವರ್‌ನಲ್ಲಿ ಇಟ್ಟಿದ್ದ. ಯಾರೇ ಆಟ ತೆರೆದರೂ ಅದು ಸರ್ವರನ್ನು ಕೇಳಿ ತಿಳಿದುಕೊಳ್ಳುತ್ತಿತ್ತು, ಇವತ್ತು ಹೊತ್ತು ಎಷ್ಟು ಅಂತ. "ನೋಡಿ ಸರ್, ಇಲ್ಲಿ ಕೂತು ಒಂದು ನಂಬರ್ ಚೇಂಜ್ ಮಾಡಿದ್ರೆ ಜಪಾನ್‌ನಲ್ಲಿ ಕೆರೆ ತುಂಬುತ್ತೆ," ಎಂದು ಹೆಮ್ಮೆಪಟ್ಟ. ಜಪಾನ್‌ನಲ್ಲಿ ಯಾರೂ ನಮ್ಮ ಆಟ ಕೊಂಡಿರಲಿಲ್ಲ.

ಬೆಳಗ್ಗೆ ಬಿಡುಗಡೆ, ಸಂಜೆಯೊಳಗೆ ಅಭಿಪ್ರಾಯ. "ಗುರು, ಗೇಮ್ ಆಡೋಕ್ ಬಂದಿದೀನಾ, ಇಲ್ಲ ಯಶವಂತಪುರದಲ್ಲಿ ಟ್ರೇನ್ ಹಿಡಿಯೋಕ್ ಬಂದಿದೀನಾ?" ಎಂದೊಬ್ಬ ಬರೆದ. "ಮನೇಲೂ ನೀರಿಗೆ ಓಡ್ಬೇಕು, ಇಲ್ಲೂ ಓಡ್ಬೇಕಾ?" ಎಂದಳು ಆರ್.ಟಿ. ನಗರದ ಒಬ್ಬಳು. ಆಟಕ್ಕೆ ರೇಟಿಂಗ್ ಎಂದು ಕೊಡುವ ನಕ್ಷತ್ರಗಳು ಉದುರತೊಡಗಿದವು. ನಕ್ಷತ್ರ ನೋಡಿ ಮುಹೂರ್ತ ಇಡುವುದು ಮಾಲೀಕನ ಮನೆತನದಲ್ಲಿ ಮೊದಲೇ ಇತ್ತು. ಅವನು ಹೊತ್ತನ್ನು ಸ್ವಲ್ಪ ಹೆಚ್ಚಿಸಿದ. ನಕ್ಷತ್ರ ಏರಿತು. ಇನ್ನೊಬ್ಬ, "ಇಷ್ಟು ಸುಲಭನಾ? ನಮ್ ಅಜ್ಜಿ ಮುಗಿಸ್ತಾಳೆ ಮಚ್ಚಾ," ಅಂದ. ಇವನು ಇಳಿಸಿದ. ಹಾಗೆ ಮೊದಲ ಕೆಲವು ವಾರ ನಮ್ಮ ಕೆರೆ ಬೆಳಗ್ಗೆ ಒಂದು ಹೊತ್ತಿಗೆ, ಮಧ್ಯಾಹ್ನ ಇನ್ನೊಂದು ಹೊತ್ತಿಗೆ ತುಂಬಿತು.

ಮಾಲೀಕನ ತಾಯಿ ಆಗಾಗ ಮೇಲೆ ಬಂದು ನಮಗೆ ನಿಪ್ಪಟ್ಟು ಕೊಟ್ಟು, ಪರದೆ ನೋಡಿಕೊಂಡು ನಿಲ್ಲುತ್ತಿದ್ದರು. ಒಂದು ದಿನ ಮಗನಿಗೆ ಹೇಳಿದರು, "ಇಂಗೆ ದಿನಾ ಒಂದೊಂದ್ ಟೈಮ್ ಇಟ್ರೆ ಆ ಹೆಣ್ಮಗ ತಂಗೀನ ಯಾವಾಗ್ಲಾ ಉಡುಕೋದು?"

"ಅಮ್ಮಾ, ಇದು ಫೀಡ್‌ಬ್ಯಾಕು. ನಿಂಗ್ ಗೊತ್ತಾಗಲ್ಲ."

"ಊ ಕಣಪ್ಪ. ತಿನ್ನು."

ಡಿಸೈನರ್ ಜಗಳ ಆಡಿದಳು. ಜೋರಾಗಿ ಆಡಿದಳೋ ಮೆಲ್ಲಗೋ ಖಚಿತವಿಲ್ಲ, ನಾನು ಯಾರ ಕಡೆ ಮಾತಾಡಿದೆ ಎಂಬುದೂ ಖಚಿತವಿಲ್ಲ. "ಹೊತ್ತು ಯಾರನ್ನೂ ಕೇಳಿ ಹೋಗಂಗಿಲ್ರಿ. ನೀವು ಎಲ್ಲಾರನ್ನೂ ಕೇಳಕ್ಕತ್ತೀರಿ," ಅಂದದ್ದು ಮಾತ್ರ ಕಿವಿಯಲ್ಲಿದೆ. ಕೊನೆಗೆ ಯಲಹಂಕದ ಒಬ್ಬ ವಿಡಿಯೋ ವಿಮರ್ಶಕ, ತಾನು ಕೂರುವ ದೊಡ್ಡ ಕುರ್ಚಿಯಲ್ಲಿ ಕೂತು, ಹಿಂದೆ ದುಃಖದ ಸಂಗೀತ ಹಾಕಿಕೊಂಡು, ಟೈಮ್ ಲಿಮಿಟ್ ಎಂಬುದು ಆಟಗಾರನಿಗೆ ಮಾಡುವ ಅವಮಾನ ಎಂದು ಸಾರಿದ. ಮಾಲೀಕ ಅದೇ ದಿನ ಸರ್ವರ್‌ನಲ್ಲಿ ಸೊನ್ನೆ ಒತ್ತಿದ. ಸೊನ್ನೆ ಅಂದರೆ ಮಿತಿಯೇ ಇಲ್ಲ, ಕೆರೆ ಯಾವತ್ತೂ ತುಂಬುವುದಿಲ್ಲ. "ಬಿಟ್ಬಿಡಿ ಸರ್, ನೆಮ್ಮದಿ," ಎಂದ. ಡಿಸೈನರ್ ಕೆಲಸ ಬಿಟ್ಟು ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಹೋದಳು.

ಆಮೇಲೆ ಜನ ಕೆರೆಯ ತಳದಲ್ಲಿ ನೆಮ್ಮದಿಯಿಂದ ಅಡ್ಡಾಡಿದರು. ತಂಗಿಯನ್ನು ಹುಡುಕುವುದು ಬಿಟ್ಟು ಮನೆಗಳ ಮುಂದೆ ನಿಂತು ಫೋಟೋ ತೆಗೆದುಕೊಂಡರು. ವಾಟರ್‌ಮ್ಯಾನ್ ಜೊತೆ ಯಾರೂ ಮಾತಾಡಲಿಲ್ಲ. ಅವನ ಮಗಳ ಮದುವೆ ನಿಶ್ಚಯವಾದದ್ದು ಒಬ್ಬರಿಗೂ ತಿಳಿಯಲಿಲ್ಲ. ಆಟಕ್ಕೆ ನಕ್ಷತ್ರ ತುಂಬಾ ಬಂತು, ಆಡುವವರು ಕಡಿಮೆಯಾದರು.

ಎರಡು ಮೂರು ವರ್ಷ ಕಳೆದಿರಬೇಕು. ಅದೇ ಯಲಹಂಕದ ವಿಮರ್ಶಕ, ಅದೇ ಕುರ್ಚಿಯಲ್ಲಿ, ನಾನು ಪ್ರಮಾಣ ಮಾಡಿ ಹೇಳಬಲ್ಲೆ ಅದೇ ಸಂಗೀತ ಹಾಕಿಕೊಂಡು, ಟೈಮ್ ಲಿಮಿಟ್ ತೆಗೆದದ್ದು ಕಲೆಗೆ ಮಾಡಿದ ದ್ರೋಹ ಎಂದು ಸಾರಿದ. "ಭಯ ಇಲ್ಲದ ಅಡ್ವೆಂಚರ್, ಅದು ಅಡ್ವೆಂಚರ್ ಅಲ್ಲ ಫ್ರೆಂಡ್ಸ್, ಹೆಬ್ಬಾಳ ಕೆರೆ ವಾಕಿಂಗು." ಅಭಿಮಾನಿಗಳು ತಾವು ಮೊದಲಿನಿಂದಲೂ ಹಾಗೇ ಅಂದುಕೊಂಡಿದ್ದೆವು ಎಂದರು. ಯಶವಂತಪುರದ ಟ್ರೇನ್ ಎಂದು ಗೊಣಗಿದ್ದವನೂ ಹಾಗೇ ಅಂದ. ಒರಿಜಿನಲ್ ಹೊತ್ತು ವಾಪಸ್ ಬೇಕು ಎಂದು ಎಲ್ಲರೂ ಕೂಗಿದರು. ಜನರ ನೆನಪಿನಲ್ಲಿ ಕೆಂಪು ಅಂಕಿಗಳು ಹುಟ್ಟಿದ್ದು ಆಗಲೇ ಇರಬೇಕು.

ಮಾಲೀಕ ಸರ್ವರ್ ತೆರೆದು ನೋಡಿದ. ಸೊನ್ನೆ. ಒಂದು ಅಂಕಿಯ ಮೇಲೆ ಇನ್ನೊಂದು ಬರೆಯುತ್ತ ಹೋಗಿದ್ದನೇ ಹೊರತು ಹಿಂದಿನದು ಏನಿತ್ತು ಎಂದು ಎಲ್ಲೂ ಉಳಿಸಿರಲಿಲ್ಲ. ಹಳೆಯ ಆಟ ಯಾರ ಬಳಿ ಇದ್ದರೂ ಪ್ರಯೋಜನವಿಲ್ಲ, ಅಂಕಿ ಆಟದೊಳಗೆ ಇರಲೇ ಇಲ್ಲವಲ್ಲ. ಗುಂಪಿನಲ್ಲಿ ಕೇಳಿದ. ಒಬ್ಬೊಬ್ಬರು ಒಂದೊಂದು ಹೊತ್ತು ಹೇಳಿ, ಬೇರೆಯವರನ್ನು ಸುಳ್ಳುಗಾರರು ಎಂದರು. ತಮಾಷೆಯೆಂದರೆ ಎಲ್ಲರೂ ನಿಜ ಹೇಳುತ್ತಿದ್ದಿರಬಹುದು. ಒಬ್ಬ ಬೆಳಗ್ಗೆ ಆಡಿದ್ದ, ಇನ್ನೊಬ್ಬ ಮಧ್ಯಾಹ್ನ ಆಡಿದ್ದ.

"ವೋಟಿಂಗ್ ಇಡ್ಲಾ ಸರ್?" ಎಂದು ಮಾಲೀಕ ನನ್ನನ್ನು ಕೇಳಿದ. ಒರಿಜಿನಲ್ ಯಾವುದು ಎಂಬುದನ್ನು ಬಹುಮತದಿಂದ ತೀರ್ಮಾನಿಸುವ ಆಲೋಚನೆ ನನಗೇನೋ ಹಿಡಿಸಿತು, ನಮ್ಮ ಇತಿಹಾಸಕ್ಕೂ ಅದೇ ಗತಿ ತಾನೇ. ಆದರೂ ಡಿಸೈನರ್‌ಗೆ ಫೋನ್ ಮಾಡಿದೆವು.

ಅವಳು ಬಂದಳು. "ವೋಟಿಂಗ್ ಗೀಟಿಂಗ್ ಬ್ಯಾಡ್ರಿ. ನೀವು ತಿದ್ದೂ ಮೊದಲ ಇತ್ತಲ್ಲ, ಬಿಡುಗಡೆ ದಿನದ್ದು, ಅದ ವಾಪಸ್ ಬರಬೇಕು. ಅದಲ್ಲ ಅಂದ್ರ ಈ ಆಟದಾಗ ನನ್ನ ಹೆಸರು ಬ್ಯಾಡ, ತಗದುಬಿಡ್ರಿ," ಅಂದಳು.

"ಅದು ಎಷ್ಟಿತ್ತು ಅಂತ ಹೇಳಮ್ಮ, ಈಗ್ಲೇ ಹಾಕ್ತೀನಿ," ಅಂದ ಮಾಲೀಕ.

ಅವಳಿಗೆ ಅಂಕಿ ನೆನಪಿರಲಿಲ್ಲ. ನೀರು ನೆನಪಿತ್ತು, ಯಾವ ಬಕೆಟ್ ಯಾವಾಗ ತುಂಬಿತು ಎಂಬುದು ನೆನಪಿತ್ತು, ಅಂಕಿ ಇಲ್ಲ.

ಹಾಗಾಗಿ ಮತ್ತೆ ಅಳೆದುಬಿಡೋಣ ಎಂದು ಅವಳೂ ನಾನೂ ಬಾಗಲಗುಂಟೆಗೆ ಹೋದೆವು. ಅವಳ ಹಳೆಯ ಮನೆಯ ಓನರ್ ಆಂಟಿ ಗೇಟಿನಲ್ಲೇ ಸಿಕ್ಕರು.

"ಓಹೋ, ಏನಮ್ಮಾ, ದಪ್ಪ ಆಗಿದೀಯಾ! ಏನ್ ಸಮಾಚಾರ?"

"ಆಂಟಿ, ಈಗ ನೀರು ಎಷ್ಟೊತ್ತು ಬರತೈತ್ರಿ?"

"ಅಯ್ಯೋ, ನೀರು ನೋಡೋಕ್ ಬಂದ್ಯಾ? ಈಗ ಬೋರ್ ಹಾಕ್ಸಿದೀವಿ ಕಣಮ್ಮಾ, ದೊಡ್ಡ ಸಂಪು ಮಾಡ್ಸಿದೀವಿ. ಯಾವಾಗ್ ಬರುತ್ತೋ ಯಾವಾಗ್ ನಿಲ್ಲುತ್ತೋ ಯಾರ್ ನೋಡ್ತಾರೆ? ಆ ವಾಟರ್‌ಮ್ಯಾನೂ ಬದ್ಲಾದ. ಈಗಿನೋನು ಕಾಫಿ ಕುಡಿಯಲ್ಲ, ಗ್ಯಾಸ್ಟ್ರಿಕ್ ಅಂತೆ."

ನಾನು ನಕ್ಕೆ. ಡಿಸೈನರ್ ನಗಲಿಲ್ಲ. ಗೇಟು ಹಿಡಿದುಕೊಂಡು ಕೇಳಿದಳು, "ಆಂಟಿ, ನಾನು ಲ್ಯಾಪ್‌ಟಾಪ್ ತಗೊಂಡು ನಲ್ಲಿ ಮುಂದ ಕುಂತಿದ್ನೆಲ್ಲಾ, ನೀವೆಲ್ಲಾ ನಕ್ಕಿದ್ರಿ. ಅವತ್ತು ಆ ಹಳೇ ವಾಟರ್‌ಮ್ಯಾನ್‌ಗ ಕಾಫಿ ಕೊಟ್ಟಿದ್ರೇನು?"

"ಕೊಡ್ದೆ ಇರ್ತೀವಾ? ಅವತ್ತು ನಮ್ಮನೇಲಿ ಫಂಕ್ಷನ್ ಬೇರೆ. ಕೇಸರಿಬಾತೂ ಕೊಟ್ಟಿದ್ವಿ. ಅವ್ನು ಕೂತ್ಕೊಂಡು ಎರಡೆರಡು ಸಲ ಹಾಕಿಸ್ಕೊಂಡ."

ಅಲ್ಲಿಗೆ ಅವಳ ಖರೇ ಹೊತ್ತು ಕೂಡ ಕೇಸರಿಬಾತಿನಿಂದ ಹಿಗ್ಗಿದ ಹೊತ್ತು. ವಾಪಸ್ ಬರುವಾಗ ಆಟೋದಲ್ಲಿ ನಾನು ಅವಳ ಸಮಾಧಾನಕ್ಕೆ ಏನೋ ಹೇಳಿದೆ. ಒರಿಜಿನಲ್ ಎಂಬುದೇ ಭ್ರಮೆ, ಎಲ್ಲ ಪಠ್ಯವೂ ಒಂದರ ಮೇಲೊಂದು ಬರೆದ ಪಠ್ಯ, ಇಂಥದ್ದೇನೋ. ಅವಳು ನನ್ನ ಕಡೆ ತಿರುಗಿ, "ಸರ್, ನೀವು ಸುಮ್ಮನ ಕುಂದರ್ರಿ," ಅಂದಳು.

ಮಾರನೆಯ ದಿನ ಅವಳು ಆಫೀಸಿಗೆ ಬಂದು ತಾನೇ ಕೂತು ಆಡಿದಳು. ಪರದೆ ನೋಡಲಿಲ್ಲ, ಬಹುಪಾಲು ಕಿಟಕಿಯ ಕಡೆ ನೋಡುತ್ತಿದ್ದಳು. ಕೆಳಗೆ ಬೇಕರಿಯವನು ಪಫ್ಸ್ ಟ್ರೇ ಇಳಿಸುತ್ತಿದ್ದ. ಆಡುತ್ತ ಆಡುತ್ತ ಒಂದು ಕ್ಷಣಕ್ಕೆ "ಹಾಂ, ಈಗ ಬಂತು ಹೊತ್ತು," ಎಂದು ನಿಲ್ಲಿಸಿದಳು. ಇನ್ನೊಮ್ಮೆ ಆಡಿದಳು, ಮತ್ತೊಮ್ಮೆ. ನಂತರ ಏನೋ ಒಂದು ಅಂಕಿ ಟೈಪ್ ಮಾಡಿದಳು. ಮಾಲೀಕ ಹಿಂದೆ ನಿಂತು ಬಗ್ಗಿ ನೋಡಲು ಹೋದ. "ಅತ್ಲಾಗ ಹೋಗ್ರಿ," ಅಂದಳು. ಆ ಹೊತ್ತನ್ನು ಅವಳು ಸರ್ವರ್‌ನಲ್ಲಿ ಇಡಲಿಲ್ಲ. ಆಟದೊಳಗೇ ಇಟ್ಟಳು, ಮಾಲೀಕ ಸುಲಭಕ್ಕೆ ಕೈಹಾಕಲಾರದಂತೆ.

ಆಟ ಮತ್ತೆ ಬಿಡುಗಡೆಯಾಯಿತು. ಅಭಿಮಾನಿಗಳು ಕುಣಿದರು. "ಇದೇ! ಇದೇ ಕಣ್ರೋ ಒರಿಜಿನಲ್ಲು! ಸೆಕೆಂಡ್ ಸಮೇತ ಅದೇ!" ಬೆಳಗಿನವರು, ಮಧ್ಯಾಹ್ನದವರು, ಎಲ್ಲರೂ ಒಪ್ಪಿದರು. ಯಲಹಂಕದವನು ಕುರ್ಚಿಯಲ್ಲಿ ಕಣ್ಣೊರೆಸಿಕೊಂಡ. ನನ್ನ ವಾಟರ್‌ಮ್ಯಾನ್‌ಗೆ ಮತ್ತೆ ಕೇಳುವವರು ಸಿಕ್ಕರು, ಹುಡುಗಿಯ ಕೈಯಲ್ಲಿ ಸಮಯ ಇಲ್ಲದ ಕಾರಣ. ಒಂದೆರಡು ವಾರಕ್ಕೆ ಹೊಸಬನೊಬ್ಬ, "ಯಾಕಿಷ್ಟು ಟೆನ್ಷನ್ನು, ನಿಧಾನವಾಗಿ ನೋಡೋಕ್ ಬಿಡಿ ಮಗಾ," ಎಂದು ಬರೆದ. ಮಾಲೀಕ ತಕ್ಷಣ ಡಿಸೈನರ್‌ಗೆ ಫೋನ್ ಮಾಡಿದ.

"ಸ್ವಲ್ಪ ಜಾಸ್ತಿ ಮಾಡೋಣ್ವಾ?"

"ಆಗಂಗಿಲ್ರಿ. ಕ್ಲಾಸ್ ಐತಿ, ಇಡತೀನಿ."

ಅವಳ ಹೆಸರು ಆಟದಲ್ಲಿ ಉಳಿಯಿತು. ಅವಳು ತೆಗೆಯಲು ಹೇಳಲಿಲ್ಲ. ಅಂದರೆ ಅವಳಿಗೆ ಬೇಕಾಗಿದ್ದ ಹೊತ್ತು ಸಿಕ್ಕಿತು ಎಂದೋ, ಸಿಕ್ಕದಿದ್ದರೂ ಇಟ್ಟದ್ದು ತನ್ನದೇ ಎಂದು ಒಪ್ಪಿಕೊಂಡಳು ಎಂದೋ, ಅಥವಾ ಆಂಟಿ ಹೇಳಿದ ಕೇಸರಿಬಾತಿನಷ್ಟು ಹೊತ್ತನ್ನು ಕಳೆದು ಇಟ್ಟಳು ಎಂದೋ. ಆಮೇಲೆ ಒಮ್ಮೆ ಸೋಲದೇವನಹಳ್ಳಿಯ ಕಡೆ ಹೋಗಿದ್ದಾಗ ಅವಳನ್ನು ಕೇಳಿದೆ. "ನಿಮಗ ಹೆಂಗ ಅನ್ನಿಸ್ತು?" ಎಂದು ತಿರುಗಿ ಕೇಳಿದಳು. ಸರಿ ಅನ್ನಿಸಿತು ಎಂದೆ. "ಮತ್ತ ಆಯ್ತಲ್ಲ," ಅಂದಳು. ನಾನು ಮೊದಲಿನ ಆಟವನ್ನು ಬಿಡುಗಡೆಯ ದಿನ ಆಡಿದ್ದೆನೇ ಎಂಬುದೇ ನನಗೆ ನೆನಪಿಲ್ಲ. ಈಗ ಆ ಕೆರೆ ತುಂಬುವುದು ಮೊದಲು ತುಂಬುತ್ತಿದ್ದ ಹೊತ್ತಿಗೇ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದೆಯೇ ಎಂಬುದೂ ಗೊತ್ತಿಲ್ಲ.