ಅಂಗೈಯಲ್ಲಿದ್ದ ಕಣಗಿಲೆ ಕಾಯಿ

ಅನಗೋಳದ ನಮ್ಮ ಮನೆಯ ಗೇಟಿನ ಪಕ್ಕ ಹಳದಿ ಕಣಗಿಲೆ ನೆಟ್ಟಿದ್ದು ನಾನೇ. ಖಾನಾಪುರದ ತನ್ನ ತವರಿನ ಹಿತ್ತಿಲಿಂದ ಅವ್ವ ಸಸಿ ತರಿಸಿದ್ದಳು. ಇಷ್ಟಲಿಂಗ ಪೂಜೆಗೆ ಅವಳಿಗೆ ದಿನಾ ಅದೇ ಹೂವು ಬೇಕು. ಪೇಟೆಯ ಸೇವಂತಿಗೆ ತಂದುಕೊಟ್ಟರೆ ಮುಖ ಗಂಟು ಹಾಕುತ್ತಿದ್ದಳು. ಹೂವು ಕಿತ್ತ ಕೈಯನ್ನು ತೊಳೆಯದೆ ಬಾಯಿಗೆ ತಾಗಿಸಬಾರದೆಂದು ಚಿಕ್ಕಂದಿನಲ್ಲೇ ನನಗೆ ಕಲಿಸಿದವಳೂ ಅವಳೇ.

ನನ್ನ ನಾಲ್ಕು ವರ್ಷದ ಮಗಳು ಅವ್ವನ ಪೂಜೆಯನ್ನು ನೋಡಿ ನೋಡಿಯೇ ಕಲಿತಿದ್ದಳು. ಎಡಗೈ ಚಾಚುವುದು, ಹೂವೇರಿಸಿ ಕಣ್ಣು ಮುಚ್ಚುವುದು, ಕೊನೆಗೆ ಪ್ರಸಾದವೆಂದು ಏನಾದರೂ ಬಾಯಿಗೆ ಹಾಕಿಕೊಳ್ಳುವುದು. ಕಳೆದ ವರ್ಷ ಒಂದು ಭಾನುವಾರ ಗಿಡದಡಿ ಹಾಗೆಯೇ ಕುಳಿತಳು. ನಾನು ಫೋಟೊ ತೆಗೆದು ಬಂಧುಬಳಗದ ಗ್ರೂಪಿಗೆ ಹಾಕಿದೆ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಒಳಗೆ ಕುಳಿತು ಅವನ್ನೇ ನೋಡಿ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಹೊರಗೆ ಮಗು ವಾಂತಿ ಮಾಡತೊಡಗಿತು.

ಆಸ್ಪತ್ರೆಯಲ್ಲಿ ಏನು ತಿಂದಳೆಂದು ಕೇಳಿದರು. ಗೊತ್ತಿಲ್ಲವೆಂದೆ. ಆಮೇಲೆ ಫೋಟೊ ತೋರಿಸಿದೆ. ಡಾಕ್ಟರಮ್ಮ ಅದನ್ನು ಬೆರಳಲ್ಲಿ ಹಿಗ್ಗಿಸಿದರು. ಮಗುವಿನ ಅಂಗೈಯಲ್ಲಿ ಲಿಂಗದ ಜಾಗದಲ್ಲಿ ಕಣಗಿಲೆಯ ಕಪ್ಪು ಕಾಯಿ ಇತ್ತು. ವಿಷ, ಎದೆಬಡಿತ ನಿಧಾನವಾಗುತ್ತಿದೆ ಎಂದು ಒಳಗೆ ಒಯ್ದರು. ಎರಡು ದಿನ ಯಂತ್ರದ ಮೇಲಿನ ಆ ಹಸಿರು ಗೆರೆಯೇ ನಮ್ಮ ಜೀವವಾಗಿತ್ತು.

ಮೂರನೆಯ ದಿನ ಮಗು ಎದ್ದು ಕುಳಿತು ಹಾಲು ಕೇಳಿತು. ಆ ಗಿಡ ನಮ್ಮ ಕಡೆಯದೇ ಅಲ್ಲ, ಅಮೆರಿಕದ ಸೀಮೆಯದು, ಹೂವು ಚೆಂದವೆಂದು ಯಾರೋ ಯಾವ ಕಾಲದಲ್ಲೋ ತಂದು ಬೆಳೆಸಿದ್ದು ಎಂದು ಡಾಕ್ಟರಮ್ಮ ಹೇಳಿದರು. ಅವ್ವ ತಲೆ ಎತ್ತಲಿಲ್ಲ.

“ನಮ್ಮವ್ವ ಶಿವಗ ಏರಿಸಿದ ಹೂವ್ರೀ ಅದು. ಹೊರಗಿಂದು ಹೆಂಗ ಆದೀತು?” ಎಂದಳು. ಮಗುವಿನ ತಲೆ ಸವರಿ, “ತಪ್ಪು ನಂದ ಐತಿ. ಪೂಜಿ ಕಲಿಸಿದಾಕಿ ನಾನ,” ಎಂದಳು.

ಬಂಧುಗಳೂ ಅದನ್ನೇ ಅಂದರು. ಮುದುಕಿಯ ಹಟಕ್ಕೆ ಕೂಸು ಹೋಗುತ್ತಿತ್ತು ಎಂದರು. ಮನೆಗೆ ಬಂದು ಆ ಗಿಡವನ್ನು ಬೇರುಸಹಿತ ಕೀಳಿಸಿದೆ. ಅಂದಿನಿಂದ ಅವ್ವ ಹೂವನ್ನೇ ಮುಟ್ಟಿಲ್ಲ. ಬಾಗಿಲು ಮುಚ್ಚಿಕೊಂಡು ಬರೀ ವಿಭೂತಿಯಲ್ಲಿ ಪೂಜೆ ಮುಗಿಸುತ್ತಾಳೆ. ಮಗಳು ಹೊರಗೆ ನಿಂತು ಆಯಿ, ಆಯಿ ಎಂದು ಅಜ್ಜಿಯನ್ನು ಕರೆಯುತ್ತ ಬಾಗಿಲು ಬಡಿಯುತ್ತಾಳೆ.

ಅವ್ವನಿಗೆ ನಾನು ಇನ್ನೂ ಒಂದು ಮಾತು ಹೇಳಿಲ್ಲ. ಫೋಟೊ ತೆಗೆಯುವಾಗಲೇ ಆ ಕಾಯಿ ನನಗೆ ಕಂಡಿತ್ತು. ಥೇಟ್ ಲಿಂಗದ ಹಾಗೇ ಇದೆಯಲ್ಲ ಎಂದು ಖುಷಿಪಟ್ಟು, “ಕೈ ಇನ್ನೊಂಚೂರು ಮ್ಯಾಲ ಹಿಡಿ, ಚಂದ ಕಾಣಲಿ,” ಎಂದವರು ಬೇರಾರೂ ಅಲ್ಲ, ನಾನು.