ಗಡಿ ದಾಟಿದಾಗ ಬೆಳೆದ ದುಡ್ಡು

ಗೆಳೆಯರೇ, ತೊಂಬತ್ತರ ದಶಕದ ಒಂದು ಜಗಳ ಇವತ್ತು ನೆನಪಾಗಿ ಒಬ್ಬನೇ ನಕ್ಕೆ. ನಮ್ಮ ಸೋದರತ್ತೆ ಶಾಂತವ್ವ ಪಾಲಬಾವಿಯಲ್ಲಿ ಹೊಲದ ಕೂಲಿಗೆ ಹೋಗುತ್ತಿದ್ದಳು. ಬುದ್ಧ ಹುಟ್ಟಿದ ಲುಂಬಿನಿ ನೋಡಬೇಕೆಂದು ದುಡ್ಡು ಕೂಡಿಟ್ಟು, ಊರವರ ಜೊತೆ ನನ್ನನ್ನೂ ಕರೆದುಕೊಂಡು ಹೊರಟಳು.

ನೇಪಾಳದ ಗಡಿಯಲ್ಲಿ ಒಂದು ಅಂಗಡಿಯಲ್ಲಿ ದುಡ್ಡು ಬದಲಿಸಿದೆವು. ಕೊಟ್ಟದ್ದಕ್ಕಿಂತ ದಪ್ಪನೆಯ ಕಟ್ಟು ಕೈಗೆ ಬಂತು. ಅತ್ತೆ ಕಣ್ಣರಳಿಸಿ, "ಲೇ, ಇಷ್ಟೂ ನಂದ ಏನೋ?" ಎಂದಳು. ಲುಂಬಿನಿಯಲ್ಲಿ ಎಲ್ಲರಿಗೂ ಅವಳದೇ ಚಹಾ.

ವಾಪಸು ಬರುವಾಗ ಉಳಿದ ನೋಟುಗಳನ್ನು ಅದೇ ಅಂಗಡಿಯಲ್ಲಿ ಕೊಟ್ಟೆವು. ಅಂಗಡಿಯವನು ನಮ್ಮ ರೂಪಾಯಿ ಎಣಿಸಿಟ್ಟ. ಕಟ್ಟು ತೆಳ್ಳಗಾದದ್ದು ಕಂಡು ಅತ್ತೆಗೆ ಸಿಟ್ಟು ನೆತ್ತಿಗೇರಿತು.

"ಹೋಗೂ ಮುಂದ ಹೆಚ್ಚ ಕೊಟ್ಟಿದ್ದಿ, ಈಗ ಯಾಕ ಕಡಿಮಿ?"

ಕನ್ನಡ ತಿಳಿಯದೆ ಅವನು ನನ್ನ ಮುಖ ನೋಡಿದ. ನಾನು ಸಮಾಧಾನ ಮಾಡಿದೆ. "ಅತ್ತಿ, ನಮ್ಮ ರೂಪಾಯಿಗೆ ಬೆಲಿ ಹೆಚ್ಚೈತಿ. ಲುಕ್ಸಾನ ಏನಿಲ್ಲ."

"ಇಲ್ಲಿ ಸಾವ್ಕಾರ್ತಿ ಆಗೇನಿ. ಮತ್ತ ಬಡವಿ ಆಗಾಕ ನಾ ಒಲ್ಲೆ!"

ತನ್ನ ನೇಪಾಳಿ ನೋಟುಗಳನ್ನು ಕಸಿದುಕೊಂಡು ಪಕ್ಕದ ಅಂಗಡಿಗೆ ನಡೆದಳು. ಊರಿನ ನಮ್ಮ ಓಣಿಯ ಹೆಂಗಸರಿಗೆಲ್ಲ ಉಣ್ಣೆಯ ಶಾಲು ಕೊಂಡಳು. ತನ್ನ ಜೊತೆ ಮಾತು ಬಿಟ್ಟಿದ್ದ ನಾದಿನಿಗೂ ಒಂದು ಆರಿಸಿ, "ಆಕಿಗಿ ಕೆಂಪು ಒಪ್ಪತೈತಿ" ಎಂದಳು.

ಊರಿಗೆ ಬಂದ ಮೇಲೆ, ಆ ಬೇಸಿಗೆಯಲ್ಲಿ, ಅತ್ತೆಗೆ ಬೇಜಾರಾದೀತೆಂದು, ಓಣಿಯ ಹೆಂಗಸರೆಲ್ಲ ಶಾಲು ಹೊದ್ದು ಬೆವರುತ್ತಲೇ ನೀರು ತಂದರು. ನಾಲ್ಕು ದಿನಕ್ಕೆ ಒಬ್ಬೊಬ್ಬರೇ ಬಿಚ್ಚಿಟ್ಟರು. ನಾದಿನಿ ಮಾತ್ರ ಮಳೆಗಾಲದವರೆಗೂ ಬಿಚ್ಚಲಿಲ್ಲ.